ಎತ್ತು ಮಲಗುವ ಜಾಗ

ಜಾತ್ರೆಯ ಮಾಳದಲ್ಲಿ ಗಾಡಿ ಬಿಡುವುದಕ್ಕೆ ಜಾಗ ನೋಡುವುದೆಂದರೆ ನಮ್ಮ ತಾತನಿಗೆ ಹೆಣ್ಣು ನೋಡುವುದಕ್ಕಿಂತ ದೊಡ್ಡ ಕೆಲಸವಾಗಿತ್ತು. ಹೆಣ್ಣು ನೋಡಲು ಹೋದಾಗ ಕೊಟ್ಟ ಉಪ್ಪಿಟ್ಟು ತಿಂದು ಅರ್ಧ ಗಂಟೆಯಲ್ಲಿ ಎದ್ದು ಬರುತ್ತಿದ್ದವರು, ಚುಂಚನಕಟ್ಟೆಯ ಮಾಳದಲ್ಲಿ ಮಾತ್ರ ಹೊತ್ತು ಇಳಿಯುವವರೆಗೆ ಅಲೆಯುತ್ತಿದ್ದರು. ಸಂಕ್ರಾಂತಿಯ ಆಸುಪಾಸಿನಲ್ಲಿ ಕೋದಂಡರಾಮನ ತೇರಿಗೆ ಮುಂಚೆ ಅಲ್ಲಿ ಸೇರುವ ದನಗಳ ಜಾತ್ರೆ ಹಳೆಯ ಮೈಸೂರು ಸೀಮೆಗೆಲ್ಲ ವರ್ಷದ ಮೊದಲನೆಯದು. ಹೊಳೆನರಸೀಪುರದಿಂದ, ಅರಕಲಗೂಡಿನಿಂದ, ಮಂಡ್ಯದ ಕಡೆಯಿಂದ ಕಮಾನು ಗಾಡಿಗಳು ಸಾಲುಗಟ್ಟಿ ಬರುತ್ತಿದ್ದವು. ಬಂದವರು ವಾರಗಟ್ಟಲೆ ಗಾಡಿಯ ಕೆಳಗೇ ಅಟ್ಟು, ಉಂಡು, ಮಲಗುತ್ತಿದ್ದರು. ಗಾಡಿಯೇ ಮನೆ, ಮೂಕಿಯೇ ಬಾಗಿಲು, ಮೂರು ಕಲ್ಲು ಅಡುಗೆಮನೆ.

ತಾತ ಮೊದಲು ಕುಕ್ಕರಗಾಲಲ್ಲಿ ಕುಳಿತು ಮಣ್ಣನ್ನು ಅಂಗೈಯಿಂದ ಒತ್ತಿ ನೋಡುವರು. ಹಿಂದಿನ ದಿನದ ಸಗಣಿ ಒಣಗಿದೆಯೋ ಹಸಿಯಾಗಿದೆಯೋ ಎಂದು ಕೋಲಿನಿಂದ ತಿರುವುವರು. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಮಳೆ ಬಂದರೆ ನೀರು ಯಾವ ಕಡೆಗೆ ಹರಿಯುತ್ತದೆ, ಹುತ್ತ ಎಲ್ಲಿದೆ, ಹೊಳೆಗೆ ಇಳಿಯುವ ದಾರಿ ಎಷ್ಟು ಕಡಿದು ಎಂದೆಲ್ಲ ನೋಡುವರು. ಇಷ್ಟಾದ ಮೇಲೂ ತೀರ್ಪು ಅವರದಲ್ಲ. ನೊಗದಿಂದ ಒಂದು ಎತ್ತನ್ನು ಬಿಚ್ಚಿ ಹಗ್ಗವನ್ನು ಸಡಿಲ ಬಿಡುವರು. ಅದು ನೆಲ ಮೂಸಿ, ಒಂದು ಸುತ್ತು ತಿರುಗಿ, ಮಂಡಿಯೂರಿ ಮಲಗಿತೋ, ಅಲ್ಲಿಯೇ ಗೂಟ. ಮಲಗಲಿಲ್ಲವೋ, ಮತ್ತೆ ಮುಂದಕ್ಕೆ. ನನಗೆ ಹಸಿವಾಗಿ ಅಳು ಬರುವಂತಾಗಿ, ಹೊಳೆಯ ಪಕ್ಕದ ಒಂದು ದೊಡ್ಡ ಮರದ ನೆರಳನ್ನು ತೋರಿಸಿ "ಇಲ್ಲೇ ಚೆನ್ನಾಗೈತಲ್ಲ ತಾತ" ಎಂದರೆ, "ಬ್ಯಾಡ ಕಣ್ ಮಗಾ, ಹಗಲು ನೆರಳು ಕೊಡೋ ಜಾಗವೇ ರಾತ್ರಿ ಇಬ್ಬನಿ ಸುರಿಸೋದು. ನಾವು ಎಲ್ಲಾರ ಬಿದ್ಕೋಬೌದು, ಎತ್ತು ಬಿದ್ಕೋಬೇಕಲ್ಲ" ಎನ್ನುತ್ತಿದ್ದರು.

ಅವರು ಕಾಲು ನೋವೆಂದು ಮನೆಯಲ್ಲಿ ಉಳಿದ ವರ್ಷ ಚಿಕ್ಕಪ್ಪ ಜೋಡಿಯನ್ನು ಹೊಡೆದುಕೊಂಡು ಹೋದರು. ಅತ್ತೆಯ ಮದುವೆಗೆ ಹಣ ಆಗಬೇಕಾಗಿತ್ತು. ಆ ಜೋಡಿಯ ಮೇಲೆ ಎಲ್ಲರ ಕಣ್ಣು. ಚಿಕ್ಕಪ್ಪನಿಗೆ ಆ ಮರದ ನೆರಳೇ ಹಿಡಿಸಿತು. ಮೂರನೆಯ ದಿನ ಬಲಗಡೆಯ ಎತ್ತಿಗೆ ಕೆಮ್ಮು ಹತ್ತಿತು, ಮೂಗಿನಲ್ಲಿ ಸುರಿಯತೊಡಗಿತು, ಹುರುಳಿ ಮುಟ್ಟಲಿಲ್ಲ. ದಳ್ಳಾಳಿ ಟವಲಿನ ಕೆಳಗೆ ಬೆರಳು ಹಿಡಿದವನು ಹಾಗೆಯೇ ಕೈ ಹಿಂದಕ್ಕೆ ತೆಗೆದುಕೊಂಡ. ಮುನ್ನೂರು ರೂಪಾಯಿ ಕಡಮೆಗೆ ಜೋಡಿ ಹೋಯಿತು. ಮುನ್ನೂರು ರೂಪಾಯಿ ಆ ಕಾಲಕ್ಕೆ ಏನೆಂಬುದನ್ನು ಬಲ್ಲವರು ಬಲ್ಲರು. ಅತ್ತೆಯ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ತಾತ ಚಿಕ್ಕಪ್ಪನನ್ನು ಬಯ್ಯಲಿಲ್ಲ, "ಎಲ್ಲಿ ಬಿಟ್ಟಿದ್ದೆ?" ಎಂದು ಒಂದೇ ಮಾತು ಕೇಳಿದರು.

ಅಂದಿನಿಂದ ನನಗೊಂದು ಚಾಳಿ ಹತ್ತಿದೆ. ಚರಿತ್ರೆಯ ಪುಸ್ತಕದಲ್ಲಿ ಯುದ್ಧದ ವರ್ಣನೆ ಬಂದರೆ ಗೆದ್ದವರು ಯಾರು ಸೋತವರು ಯಾರು ಎನ್ನುವುದಕ್ಕೆ ಮುಂಚೆ, ಎಲ್ಲಿ ಬಿಟ್ಟಿದ್ದರು ಎಂದು ಹುಡುಕುತ್ತೇನೆ. ನಮ್ಮ ಎಡತೊರೆ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸೀಮೆಯ ಮಟ್ಟಿಗೆ ಈ ಪ್ರಶ್ನೆಗೆ ಸಿಕ್ಕುವ ಉತ್ತರಗಳು ಬಹಳ ಸ್ವಾರಸ್ಯವಾಗಿವೆ. ಪುಸ್ತಕ ಬರೆದವರು ಅದನ್ನು ಮುಖ್ಯವೆಂದು ಎಣಿಸಿ ಬರೆದದ್ದಲ್ಲ, ಬೇರೆ ಮಾತಿನ ನಡುವೆ ಜಾರಿ ಬಿದ್ದದ್ದು.

ನಮ್ಮ ಭಾಷೆಗಾದರೂ ಇದರ ಮಹತ್ತ್ವ ತಿಳಿದಿತ್ತು. ಬೀಡು ಎಂಬ ಮಾತು 'ಬಿಡು' ಎಂಬ ಧಾತುವಿನಿಂದ ಬಂದದ್ದು. ನೊಗ ಬಿಟ್ಟ ಕಡೆ ಬೀಡು. ಬಿಡಾರವೂ ಬಿಡದಿಯೂ ಅದೇ ಮನೆತನದವು. ಶಾಸನಗಳಲ್ಲಿ ಹೊಯ್ಸಳರ ದೋರಸಮುದ್ರವನ್ನು ನೆಲೆವೀಡು ಎಂದು ಕರೆದಿದೆ. ಅಷ್ಟು ದೊಡ್ಡ ರಾಜಧಾನಿಯೂ ಮೂಲದಲ್ಲಿ ನೆಲೆಯಾಗಿ ನಿಂತ ಒಂದು ಬೀಡೇ ಎಂದಾಯಿತು. ಪಾಳೆಯ ಕೂತು ಎದ್ದ ಕಡೆ ಪಾಳ್ಯಗಳಾದವು. ಇಂಗ್ಲಿಷರ ದಂಡು ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿ ೧೮೦೯ರಲ್ಲಿ ಬೆಂಗಳೂರಿಗೆ ಎದ್ದುಹೋಯಿತು; ಹೋಗಿ ಕೂತ ಜಾಗಕ್ಕೆ 'ದಂಡು' ಎಂಬ ಹೆಸರೇ ಉಳಿಯಿತು. ಪಟ್ಟಣವನ್ನು ಗೆದ್ದವರು ಅದರ ಸೊಳ್ಳೆಯನ್ನು ಗೆಲ್ಲಲಾರದೆ ಹೋದರಲ್ಲ ಎಂದು ನನಗೆ ಆಗಾಗ ನಗು ಬರುವುದುಂಟು.

ಸೊಳ್ಳೆಗಿಂತ ಮುಂಚೆ ಅವರನ್ನು ಸೋಲಿಸಿದ್ದು ಎತ್ತು. ೧೭೯೧ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದ. ಅರಕೆರೆಯ ಹತ್ತಿರ ಇಳಿದು, ಮೇ ೧೫ರಂದು ಟಿಪ್ಪುವಿನ ಸೈನ್ಯದೊಡನೆ ಕಾದಾಡಿ ಗೆದ್ದೂ ಆಯಿತು. ಕೊಡಗಿನ ದಾರಿಯಾಗಿ ಅಬರ್‌ಕ್ರಾಂಬಿ ಎಂಬ ಸೇನಾಪತಿ ಬೊಂಬಾಯಿಯ ದಂಡನ್ನು ನಡೆಸಿಕೊಂಡು ಪಿರಿಯಾಪಟ್ಟಣದವರೆಗೆ ಬಂದಿದ್ದ. ಅವನನ್ನು ಕೂಡಿಕೊಳ್ಳಲೆಂದು ಕಾರ್ನ್‌ವಾಲಿಸ್ ಕಾವೇರಿಯ ಗುಂಟ ಕನ್ನಂಬಾಡಿಗೆ ಸರಿದ. ಎರಡು ಸೈನ್ಯಗಳ ನಡುವೆ ಉಳಿದದ್ದು ಹೆಚ್ಚೆಂದರೆ ಮೂರು ನಾಲ್ಕು ದಿನದ ದಾರಿ. ಆದರೆ ಟಿಪ್ಪುವಿನ ಕುದುರೆಯವರು ದಾರಿಯುದ್ದಕ್ಕೂ ಹುಲ್ಲು ಬಣವೆಗಳನ್ನು ಸುಟ್ಟಿದ್ದರು. ಮುಂಗಾರು ಬೇಗನೆ ಹಿಡಿಯಿತು. ಮೇವಿಲ್ಲದೆ, ಕೆಸರಿನಲ್ಲಿ ನಿಂತು, ರೋಗ ಹತ್ತಿ, ಎತ್ತುಗಳು ಸಾಲುಸಾಲಾಗಿ ಬಿದ್ದವು. ಫಿರಂಗಿಗಳನ್ನು ಸಿಪಾಯಿಗಳೇ ಹಗ್ಗ ಕಟ್ಟಿ ಎಳೆದರು. ಕೊನೆಗೆ ಕೋಟೆ ಒಡೆಯಲು ಅಷ್ಟು ದೂರದಿಂದ ತಂದ ದೊಡ್ಡ ಫಿರಂಗಿಗಳನ್ನು ಮೇ ೨೨ರಂದು ಕನ್ನಂಬಾಡಿಯಲ್ಲಿ ತಾವೇ ಒಡೆದುಹಾಕಿ ಹಿಂದಿರುಗಬೇಕಾಯಿತು. ಅಬರ್‌ಕ್ರಾಂಬಿಯೂ ಮಳೆಯಲ್ಲಿ ತೊಯ್ದು ಘಟ್ಟದ ಕಡೆಗೆ ನಡೆದ. ಆ ಹಳೆಯ ಕನ್ನಂಬಾಡಿ ಈಗ ಕೃಷ್ಣರಾಜಸಾಗರದ ನೀರಿನ ಕೆಳಗಿದೆ.

ಅದೇ ವಾರದಲ್ಲಿ ಮೇಲುಕೋಟೆಯ ಕಡೆಯಿಂದ ಮರಾಠರ ದಂಡು ಬಂದು ಸೇರಿದಾಗ, ಹಸಿದ ಇಂಗ್ಲಿಷ್ ಪಾಳೆಯಕ್ಕೆ ಮರಾಠರ ಬಜಾರಿನಲ್ಲಿ ಧಾನ್ಯವೂ ಸಿಕ್ಕಿತು, ಎತ್ತುಗಳೂ ಸಿಕ್ಕಿದವು. ಆ ಕಾಲದ ಸೈನ್ಯಗಳಿಗೆಲ್ಲ ಧಾನ್ಯ ಹೊರುತ್ತಿದ್ದವರು ಲಂಬಾಣಿಗರು. ಸಾವಿರಾರು ಹೇರೆತ್ತುಗಳನ್ನು ಹೊಡೆದುಕೊಂಡು, ಹುಲ್ಲು ಇದ್ದ ಕಡೆ ತಾಂಡ ಇಳಿಸಿ, ಹುಲ್ಲು ಮುಗಿದ ದಿನ ಎದ್ದು ನಡೆಯುತ್ತಿದ್ದರು. ನವಾಬರೂ ಲಾರ್ಡರೂ ಜಗಳವಾಡುವಾಗ ಎರಡು ಕಡೆಗೂ ಅನ್ನ ಒದಗಿಸಿದವರು, ತಾವು ಎಲ್ಲಿ ಇಳಿಯಬೇಕೆಂಬುದನ್ನು ಯಾವ ನಕ್ಷೆಯನ್ನೂ ನೋಡದೆ ಬಲ್ಲವರು. ಅವರ ಚರಿತ್ರೆಯನ್ನು ಬರೆದದ್ದು ಕಡಮೆ.

ಎತ್ತಿನ ಬೆಲೆ ಮೈಸೂರಿನ ಅರಸರಿಗೆ ಚೆನ್ನಾಗಿ ಗೊತ್ತಿತ್ತು. 'ಬೆಣ್ಣೆ ಚಾವಡಿ' ಎಂದಿದ್ದ ಸರ್ಕಾರಿ ದನಗಳ ಇಲಾಖೆಗೆ ಟಿಪ್ಪು 'ಅಮೃತಮಹಲ್' ಎಂದು ಹೆಸರಿಟ್ಟ. ೧೭೯೯ರ ಮೇಲೆ ಅದು ಕೈ ಬದಲಾಗಿ, ಕ್ಷೀಣಿಸಿ, ೧೮೧೩ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬವನ ಆಡಳಿತಕ್ಕೆ ಬಂದು, ಹುಣಸೂರು ಅದರ ಮುಖ್ಯ ಠಾಣ್ಯವಾಯಿತು. ಹುಣಸೂರಿನಲ್ಲಿ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಅಂಗಳ ಎಲ್ಲ ಹುಟ್ಟಿದ್ದು ಈ ಕಾರಣದಿಂದ. ಮಿತವ್ಯಯದ ಹೆಸರಿನಲ್ಲಿ ೧೮೬೦ರಲ್ಲಿ ಇಲಾಖೆಯನ್ನು ಮುಚ್ಚಿ ದನಗಳನ್ನು ಮಾರಿದರು. ಒಳ್ಳೆಯ ಎತ್ತು ಸಿಕ್ಕದೆ ೧೮೬೬ರಲ್ಲಿ ಮತ್ತೆ ತೆರೆದರು. ಸರ್ಕಾರದ ಮಿತವ್ಯಯ ಎಂದೂ ಹೀಗೆಯೇ.

ಅಮೃತಮಹಲಿನಲ್ಲಿ ನನಗೆ ಮೆಚ್ಚಿಕೆಯಾದದ್ದು ಅದರ ಕಾವಲುಗಳ ಏರ್ಪಾಡು. ತುಮಕೂರು, ಹಾಸನ, ಚಿತ್ರದುರ್ಗ, ಚಿಕ್ಕಮಗಳೂರು ಸೀಮೆಗಳಲ್ಲಿ ಹರಡಿದ್ದ ಈ ಹುಲ್ಲುಗಾವಲುಗಳನ್ನು ಬೇಸಗೆಯವು, ಮಳೆಗಾಲದವು, ಚಳಿಗಾಲದವು ಎಂದು ಮೂರಾಗಿ ವಿಂಗಡಿಸಿದ್ದರು. ಕೆರೆಯ ಅಂಗಳವೂ ನೆರಳೂ ಇದ್ದವು ಬೇಸಗೆಗೆ, ನೀರು ನಿಲ್ಲದ ಗರಸು ನೆಲ ಮಳೆಗಾಲಕ್ಕೆ. ದನದ ಹಿಂಡು ಋತುವಿಗೆ ತಕ್ಕಂತೆ ಒಂದರಿಂದೊಂದಕ್ಕೆ ನಡೆಯುತ್ತಿತ್ತು, ಜೊತೆಯಲ್ಲಿ ಕಾಯುವವನ ಕಂಬಳಿಯೂ ಗಡಿಗೆಯೂ. ಒಂದು ಜಾಗ ಎಲ್ಲ ಕಾಲಕ್ಕೂ ಒಳ್ಳೆಯ ಜಾಗವಲ್ಲ ಎಂಬುದನ್ನು ಇಡೀ ಒಂದು ಇಲಾಖೆಯ ಕಾಗದಪತ್ರದಲ್ಲಿ ಬರೆದಿಟ್ಟ ಉದಾಹರಣೆ ನಾನು ಬೇರೆ ಕಡೆ ಕಂಡಿಲ್ಲ. ಆ ಕಾವಲುಗಳಲ್ಲಿ ಚಳ್ಳಕೆರೆಯ ಕಡೆಯ ಸಾವಿರಾರು ಎಕರೆ ೨೦೦೯ರಿಂದೀಚೆಗೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಬೇಲಿಯೊಳಗೆ ಹೋಯಿತು. ಸುತ್ತಲಿನ ಹಳ್ಳಿಗಳವರು ದನ ಎಲ್ಲಿ ಬಿಡೋಣ ಎಂದು ನ್ಯಾಯಸ್ಥಾನದ ಮೆಟ್ಟಿಲು ಹತ್ತಿದರು.

ಇನ್ನು ಪಿರಿಯಾಪಟ್ಟಣದ ಹಸುರು ಡೇರೆಯ ವಿಷಯ. ಎತ್ತನ್ನು ಕೇಳದೆ ಕಣ್ಣನ್ನು ಕೇಳಿ ಜಾಗ ಆರಿಸಿದ ಕಥೆ ಇದು. ೧೭೯೯ರಲ್ಲಿ ಜನರಲ್ ಸ್ಟೂಅರ್ಟ್ ಬೊಂಬಾಯಿಯ ದಂಡನ್ನು ಫೆಬ್ರವರಿ ೨೧ರಂದು ಕಣ್ಣಾನೂರಿನಿಂದ ಹೊರಡಿಸಿ ಕೊಡಗಿನ ಘಟ್ಟ ಹತ್ತಿದ. ದಟ್ಟ ಕಾಡು, ಇಡೀ ಸೈನ್ಯ ಒಂದೇ ಕಡೆ ಇಳಿಯುವ ಬಯಲೇ ಇಲ್ಲ. ಆದುದರಿಂದ ತುಂಡುತುಂಡಾಗಿ, ಮೈಲಿಗಳ ಅಂತರದಲ್ಲಿ ಪಾಳೆಯಗಳು ಬಿದ್ದವು. ಮುಂಚೂಣಿಯಲ್ಲಿ ಮಾಂಟ್ರೆಸರ್ ಎಂಬವನ ಕೈಕೆಳಗೆ ಮೂರು ಪಟಾಲಮುಗಳು ಮಾರ್ಚ್ ೨ರಂದು ಪಿರಿಯಾಪಟ್ಟಣಕ್ಕೆ ಸುಮಾರು ಏಳು ಮೈಲಿ ದೂರದ ಸಿದ್ಧೇಶ್ವರದಲ್ಲಿ ನಿಂತವು. ಯುದ್ಧಶಾಸ್ತ್ರದ ಪ್ರಕಾರ ಇದು ಕೆಟ್ಟ ಜಾಗ. ಹಿಂದಿನವರು ನೆರವಿಗೆ ಬರಬೇಕಾದರೆ ಗಂಟೆಗಳು ಬೇಕು, ಸುತ್ತ ಮರೆಯಿಂದ ಯಾರು ಬೇಕಾದರೂ ಬರಬಹುದು. ಆದರೂ ಆರಿಸಿದ್ದು ಏಕೆಂದರೆ, ಅಲ್ಲಿಯ ಗುಡ್ಡದ ತುದಿಯಿಂದ ಮೈಸೂರು ಸೀಮೆ ಶ್ರೀರಂಗಪಟ್ಟಣದ ಸಮೀಪದವರೆಗೆ ಕಾಣುತ್ತಿತ್ತು. ಆ ಕಡೆಯಿಂದ ಬರುವ ಹ್ಯಾರಿಸನ ದಂಡಿನ ಗುರುತು ಕಾಣಲೆಂದು ಕಾದಿದ್ದರು.

ಕಂಡದ್ದು ಬೇರೆ. ಮಾರ್ಚ್ ೫ರ ಬೆಳಗ್ಗೆ ಪಿರಿಯಾಪಟ್ಟಣದ ಈಚೆ ಬಯಲಿನಲ್ಲಿ ಒಂದೊಂದಾಗಿ ಡೇರೆಗಳು ಏಳತೊಡಗಿದವು. ಸಂಜೆಯ ಹೊತ್ತಿಗೆ ನೂರಾರಾದವು. ಬಿಳಿಯ ಡೇರೆಗಳ ನಡುವೆ ಒಂದು ಹಸುರು ಡೇರೆ. ಗುಡ್ಡದ ಮೇಲಿದ್ದವರು ಅದನ್ನು ನೋಡಿ ಸುಲ್ತಾನನೇ ಬಂದಿರಬೇಕೆಂದು ಊಹಿಸಿದರು. ಪೂರ್ತಿ ನಂಬಲಿಲ್ಲ, ಆದರೆ ಆ ರಾತ್ರಿ ಮಾಂಟ್ರೆಸರನಿಗೆ ಇನ್ನೊಂದು ಪಟಾಲಮನ್ನು ಬಲಕ್ಕೆ ಕಳುಹಿಸಿದರು. ಮಾರನೆಯ ದಿನ ಒಂಬತ್ತು ಹತ್ತು ಗಂಟೆಯ ಹೊತ್ತಿಗೆ ಟಿಪ್ಪುವಿನ ಸೈನ್ಯ ಕಾಡಿನ ಮರೆಯಲ್ಲಿ ಸದ್ದಿಲ್ಲದೆ ಬಂದು ಮುಂದಿನಿಂದಲೂ ಹಿಂದಿನಿಂದಲೂ ಒಟ್ಟಿಗೆ ಮುತ್ತಿತು. ಅಷ್ಟು ಜಾಣತನದ ಮುತ್ತಿಗೆಯನ್ನು ಶತ್ರುಗಳೇ ಹೊಗಳಿದ್ದಾರೆ. ಮಾಂಟ್ರೆಸರ್ ಮಧ್ಯಾಹ್ನದವರೆಗೆ ಹೇಗೋ ತಡೆದ. ಎರಡೂವರೆಯ ಸುಮಾರಿಗೆ ಸ್ಟೂಅರ್ಟ್ ಬಂದು ಮುಟ್ಟಿದ. ಮೂರು ಗಂಟೆ ಮಿಕ್ಕುವಷ್ಟರಲ್ಲಿ ಮೈಸೂರಿನವರು ಹಿಂದೆ ಸರಿದರು. ಬೆಂಕಿ ನವಾಬನೆಂದು ಹೆಸರಾಗಿದ್ದ ಮಹಮ್ಮದ್ ರಜಾ ಅಲ್ಲಿ ಬಿದ್ದ. ಸುಲ್ತಾನ ಕೆಲವು ದಿನ ಪಿರಿಯಾಪಟ್ಟಣದಲ್ಲಿಯೇ ಇದ್ದು ರಾಜಧಾನಿಗೆ ಹಿಂದಿರುಗಿದ. ಎರಡು ತಿಂಗಳು ತುಂಬುವುದರೊಳಗೆ ಪಟ್ಟಣ ಬಿತ್ತು, ಸುಲ್ತಾನನೂ ಬಿದ್ದ.

ಡೇರೆ ಹಸುರಾಗಿರದಿದ್ದರೆ, ಅಥವಾ ಗುಡ್ಡಕ್ಕೆ ಕಾಣದ ಒಂದು ತಗ್ಗಿನಲ್ಲಿ ಹಾಕಿದ್ದರೆ? ಇಂಥ ಪ್ರಶ್ನೆಗೆ ಚರಿತ್ರೆಯಲ್ಲಿ ಬೆಲೆಯಿಲ್ಲ ಎಂದು ಪಂಡಿತರು ಹೇಳುತ್ತಾರೆ. ಆದರೂ ಸಿದ್ಧೇಶ್ವರದ ಕಡೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ನನಗೆ ತಾತನ "ಎಲ್ಲಿ ಬಿಟ್ಟಿದ್ದೆ?" ಎಂಬ ಮಾತು ಕಿವಿಯಲ್ಲಿ ಕೇಳಿದಂತಾಗುತ್ತದೆ.

ಮರುವರ್ಷ, ಅಂದರೆ ೧೮೦೦ರಲ್ಲಿ, ಬುಕಾನನ್ ಎಂಬ ವೈದ್ಯ ಈ ದಾರಿಯಲ್ಲಿಯೇ ದೇಶದ ಬೇಸಾಯವನ್ನೂ ಮರಗಿಡಗಳನ್ನೂ ನೋಡುತ್ತ ಬಂದ. ಪಿರಿಯಾಪಟ್ಟಣದ ಕೋಟೆ ಆ ವೇಳೆಗೆ ಹುಲಿಗಳ ಬಿಡಾರವಾಗಿತ್ತು. ಹಿಂದೆ ಒಂದು ಜನಸಮೂಹವೇ ಇದ್ದರೂ ಕೋಟೆಯೊಳಗಿನ ಗುಡಿಗಳಿಗೆ ಕಾಲಿಡುವುದು ಬೇಡವೆಂದು ಅವನಿಗೆ ಹೇಳಿದರಂತೆ; ಬಿಸಿಲಿನ ಹೊತ್ತು ಹುಲಿಗಳು ಅಲ್ಲಿ ತಂಪಿಗೆ ಮಲಗುತ್ತಿದ್ದವು. ಒಳ್ಳೆಯ ಜಾಗವನ್ನು ಅವೂ ಬಲ್ಲವು!

ಆಮೇಲಿನ ನೂರು ವರ್ಷ ನಮ್ಮಲ್ಲಿ ಡೇರೆ ಹೊಡೆದವರು ಅಮಲ್ದಾರರು, ಸರ್ವೆಯವರು, ಜಮಾಬಂದಿಗೆ ಬರುವ ಸಾಹೇಬರು. ಇವರ ಮೊಕ್ಕಾಮು ಊರ ಗುಂಡುತೋಪಿನಲ್ಲಿ. ಮಾವಿನ ನೆರಳು, ಪಕ್ಕದಲ್ಲಿ ಬಾವಿ, ಊರಿಗೆ ಹತ್ತಿರ, ಊರ ನಾಯಿಗೆ ದೂರ. ಇದಕ್ಕಿಂತ ಹೆಚ್ಚು ಹೇಳುವುದಕ್ಕೆ ಏನೂ ಇಲ್ಲ.

ಕಾಕನಕೋಟೆಯ ಖೆಡ್ಡಾ ಮಾತ್ರ ಬೇರೆ ರೀತಿಯದು. ಅಲ್ಲಿ ಜಾಗ ಗೊತ್ತುಮಾಡುತ್ತಿದ್ದದ್ದು ಎತ್ತಲ್ಲ, ಆನೆ. ಕಪಿಲೆಯ ದಡದಲ್ಲಿ ಆನೆಯ ಹಿಂಡನ್ನು ಸುತ್ತುವರಿದು, ಹೊಳೆ ದಾಟಿಸಿ, ದೊಡ್ಡಿಗೆ ನುಗ್ಗಿಸುವ ಈ ಕೆಲಸವನ್ನು ನೋಡಲು ೧೯೦೬ರಲ್ಲಿ ವೇಲ್ಸಿನ ರಾಜಕುಮಾರ ಜಾರ್ಜ್ ಬಂದ; ೧೯೨೨ರ ಆರಂಭದಲ್ಲಿ ಅವನ ಮಗ ಎಡ್ವರ್ಡ್ ಬಂದ. ಕಾರಾಪುರದಲ್ಲಿ ಡೇರೆಗಳದೇ ಒಂದು ಊರು ಎದ್ದಿತು. ರಾಜಕುಮಾರರ ಡೇರೆಗೆ ರತ್ನಗಂಬಳಿ ಹಾಸಿದ್ದು ಅರಮನೆಯವರು. ಆದರೆ ಯಾವ ಕಡೆ ಒಲೆ ಹೊತ್ತಿಸಬಾರದು, ಯಾವ ಹಾದಿಯಲ್ಲಿ ಆನೆ ಇಳಿಯುತ್ತದೆ ಎಂದು ಬಲ್ಲವರು ಜೇನುಕುರುಬರು, ಬೆಟ್ಟಕುರುಬರು. ಹೊಗೆಯೋ ಮನುಷ್ಯನ ವಾಸನೆಯೋ ಗಾಳಿಯಲ್ಲಿ ಒಂದಿಷ್ಟು ತಿರುಗಿದರೆ ವಾರಗಳ ದುಡಿಮೆ ಹಾಳು. ಕೊನೆಯ ಖೆಡ್ಡಾ ನಡೆದದ್ದು ೧೯೭೧ರಲ್ಲಿ. ಮೂರು ವರ್ಷಕ್ಕೆ ಕಬಿನಿಯ ಅಣೆಕಟ್ಟು ಮುಗಿದು ಖೆಡ್ಡಾದ ನೆಲವೆಲ್ಲ ನೀರಾಯಿತು. ಜೊತೆಗೆ ಹಳ್ಳಿಗಳೂ ಹಾಡಿಗಳೂ ಹೋದವು. ಕಾರಾಪುರದ ಮಹಾರಾಜರ ಬಂಗಲೆಯ ಆವರಣದಲ್ಲಿ ಈಗ ಪ್ರವಾಸಿಗಳಿಗೆ ಬಾಡಿಗೆಯ ಡೇರೆಗಳಿವೆ. ಎದುರಿಗೆ ಹಿನ್ನೀರು ಬಹಳ ಚೆಲುವಾಗಿ ಕಾಣುತ್ತದೆ. ಆ ಚೆಲುವಿನ ಕೆಳಗೆ ಏನಿದೆ ಎಂದು ದೋಣಿಯವರನ್ನು ಕೇಳಿದರೆ ಹೇಳುತ್ತಾರೆ.

ಜಾಗ ಆರಿಸಿಕೊಳ್ಳುವುದು ಎಲ್ಲರ ಭಾಗ್ಯದಲ್ಲಿಯೂ ಇರುವುದಿಲ್ಲ. ೧೯೬೦ರ ಕೊನೆಯಲ್ಲಿ ಟಿಬೆಟ್ಟಿನ ನಿರಾಶ್ರಿತರ ಮೊದಲ ತಂಡ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಬಂತು. ಮೈಸೂರು ಸರ್ಕಾರ ಸುಮಾರು ೩೦೦೦ ಎಕರೆ ಕಾಡುನೆಲವನ್ನು ಗೇಣಿಗೆ ಕೊಟ್ಟಿತ್ತು. ಡೇರೆಯೆಂಬುದು ಅವರಿಗೆ ಹೊಸದಲ್ಲ. ಚಮರೀಮೃಗದ ಕಪ್ಪು ಕೂದಲಿನಿಂದ ನೇಯ್ದ ಡೇರೆಗಳಲ್ಲಿ, ಆ ಮೃಗಕ್ಕೆ ಹುಲ್ಲಿದ್ದ ಕಡೆಗೆ ನಡೆಯುತ್ತ ಬಾಳಿದ ಜನ ಅವರಲ್ಲಿ ಎಷ್ಟೋ ಮಂದಿ. ಆದರೆ ಈ ಡೇರೆ ಬೇರೆ. ನೆಲ ಬೇರೆಯವರು ಕೊಟ್ಟದ್ದು, ಕಾಡು ಕಡಿಯುವುದು ತಾವು, ಬೆಳೆದದ್ದನ್ನು ತಿನ್ನಲು ಆನೆ. ಹಿಮದಿಂದ ಬಂದವರು ನಮ್ಮ ಬೇಸಗೆಯಲ್ಲಿ ಬಟ್ಟೆಯ ಸೂರಿನ ಕೆಳಗೆ ಹೇಗೆ ಬೆಂದಿರಬೇಕು! ಆ ಪಾಳೆಯ ಏಳಲಿಲ್ಲ. ಅಲ್ಲಿಯೇ ಮುಸುಕಿನ ಜೋಳ ಬೆಳೆದು, ಮನೆ ಕಟ್ಟಿ, ಸ್ವರ್ಣಮಂದಿರವನ್ನೂ ಕಟ್ಟಿದರು. ಆಮೇಲೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಅವರ ಒಂದು ನೆಲೆಯಾಯಿತು.

ಈಚೆಗೆ ನನ್ನ ಮಗಳ ಸಂಸಾರ ಅಮೆರಿಕದ ನಡುಸೀಮೆಯ ಅಯೋವಾದಲ್ಲಿದೆ. ಅಲ್ಲಿಯೂ ಮುಸುಕಿನ ಜೋಳವೇ. ಕಣ್ಣಿಗೆ ಕಾಣುವಷ್ಟು ದೂರ ಅದೇ. ಬೇಸಗೆಯ ರಜೆಯಲ್ಲಿ ಅವರು ಚಕ್ರದ ಮೇಲಿನ ಮನೆಯೊಂದನ್ನು ಬಾಡಿಗೆಗೆ ಹಿಡಿದು ಊರೂರು ತಿರುಗುತ್ತಾರೆ. ಒಲೆ, ಹಾಸಿಗೆ, ಸ್ನಾನದ ಕೋಣೆ ಎಲ್ಲ ಅದರಲ್ಲಿಯೇ. ನಮ್ಮ ಕಮಾನು ಗಾಡಿಯ ದೊಡ್ಡಣ್ಣ. ಅಯೋವಾದಲ್ಲಿ ೧೯೫೫ರ ಒಂದು ಕಾನೂನಿನಿಂದ ಅಲ್ಲಿಯ ಸಣ್ಣ ಜಿಲ್ಲೆಗಳು ತಮ್ಮತಮ್ಮ ಸಂರಕ್ಷಣಾ ಮಂಡಲಿಗಳನ್ನು ಮಾಡಿಕೊಂಡು, ಹೊಳೆಯ ದಡ, ಕೆರೆಯಂಗಳ, ತೋಪುಗಳನ್ನು ಎಲ್ಲರಿಗೂ ಬಿಟ್ಟಿವೆ. ಯಾರು ಬೇಕಾದರೂ ಅಷ್ಟಿಷ್ಟು ಬಾಡಿಗೆ ಕೊಟ್ಟು ಗಾಡಿ ನಿಲ್ಲಿಸಬಹುದು, ಡೇರೆ ಹೊಡೆಯಬಹುದು. "ಯಾವ ಜಾಗ ಆರಿಸುತ್ತೀರಮ್ಮ?" ಎಂದು ಟೆಲಿಫೋನಿನಲ್ಲಿ ಕೇಳಿದೆ. "ನೆಲ ಮಟ್ಟಸವಾಗಿರಬೇಕಪ್ಪ, ಕುಡಿಯುವ ನೀರು ಹತ್ತಿರ ಇರಬೇಕು, ವಿದ್ಯುತ್ತಿನ ಕಂಬ ಇರಬೇಕು, ಬಿರುಗಾಳಿ ಬಂದರೆ ಓಡಿಹೋಗಲು ಗಟ್ಟಿ ಕಟ್ಟಡ ಇರಬೇಕು" ಎಂದಳು. ಸ್ವಲ್ಪ ತಡೆದು, "ಹೋದ ಸಲ ಹೊಳೆಯ ಪಕ್ಕದ ಮರದ ಕೆಳಗೆ ನಿಲ್ಲಿಸಿದ್ದೆವು, ರಾತ್ರಿಯೆಲ್ಲ ಸೊಳ್ಳೆ" ಎಂದಳು. ಮುತ್ತಾತನನ್ನು ಅವಳು ನೋಡಿದವಳಲ್ಲ.

ಹೋದ ವರ್ಷ ಸಂಕ್ರಾಂತಿಗೆ ಚುಂಚನಕಟ್ಟೆಗೆ ಹೋಗಿದ್ದೆ. ಕಮಾನು ಗಾಡಿ ಬೆರಳೆಣಿಕೆಯಷ್ಟು. ಹಳ್ಳಿಕಾರ್ ಜೋಡಿಗಳು ಲಾರಿಯಲ್ಲಿ ಬಂದು ಇಳಿಯುತ್ತವೆ. ಕೆಲವಕ್ಕೆ ಶಾಮಿಯಾನ, ದೀಪದ ಸರ, ಮೈಮೇಲೆ ಝಗಝಗಿಸುವ ಜೂಲು. ಲಾರಿ ತಿರುಗುವುದಕ್ಕೆ ಅನುಕೂಲವಾದ ಕಡೆಯೇ ಈಗ ಜಾಗ. ಮಾಳದ ಮೇಲ್ಗಡೆ, ಗದ್ದಲದಿಂದ ಸ್ವಲ್ಪ ದೂರದಲ್ಲಿ, ವಯಸ್ಸಾದ ಒಬ್ಬರು ಒಂದು ಎತ್ತಿನ ಹಗ್ಗವನ್ನು ಸಡಿಲವಾಗಿ ಹಿಡಿದು ನಿಂತಿದ್ದರು. ಲಾರಿಯ ಹುಡುಗ "ಬೇಗ ಗೂಟ ಹೊಡಿ ಅಜ್ಜೋ, ನನಗೆ ಇನ್ನೊಂದು ಬಾಡಿಗೆ ಐತೆ" ಎಂದು ಕೂಗುತ್ತಿದ್ದ. ಅಜ್ಜ ಅವನ ಕಡೆ ತಿರುಗಿಯೂ ನೋಡಲಿಲ್ಲ. ಎತ್ತು ನೆಲ ಮೂಸಿತು, ಒಂದು ಸುತ್ತು ತಿರುಗಿತು, ಮಲಗಲಿಲ್ಲ. ಅವರು ಹಗ್ಗವನ್ನು ಸುತ್ತಿಕೊಂಡು ಇನ್ನೂ ಹತ್ತು ಮಾರು ಮೇಲಕ್ಕೆ ಹತ್ತಿದರು.